ಚರಗ ಚೆಲ್ಲಿದವರ ಹೊಲ

ಸೀಗೆ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲುವುದು ನಮ್ಮ ಕಡೆ ಗಂಡಸರ ಕೆಲಸ. ಅನ್ನ, ಕಡುಬು, ಸೊಪ್ಪು ಕಲಸಿ ಬದುವಿನ ಸುತ್ತ ಎರಚಿ ಭೂಮಿತಾಯಿಗೆ ಉಣ್ಣಿಸುತ್ತಾರೆ. ನಮ್ಮ ಯಜಮಾನರು ತೀರಿಕೊಂಡ ವರ್ಷ ಮನೆಯಲ್ಲಿ ಗಂಡು ಅಂತ ಉಳಿದಿದ್ದು ಎತ್ತುಗಳು ಮಾತ್ರ. ಪಕ್ಕದ ಹೊಲದ ಗೌಡರೇ ಬಂದು, "ಬುಟ್ಟಿ ಕೊಡವ್ವ, ನಮ್ಮದರ ಜತೆಗೆ ನಿಮ್ಮದಕ್ಕೂ ಚೆಲ್ತೀನಿ. ಭೂಮಿ ಉಪಾಸ ಇರಬಾರದು" ಅಂದರು. ಒಳ್ಳೆಯ ಮಾತು, ಕೊಟ್ಟೆ. ಆಮೇಲೆ ವರ್ಷಾ ವರ್ಷಾ ಅದೇ ರೂಢಿಯಾಯಿತು.

ನಮ್ಮ ಆ ಅರ್ಧ ಎಕರೆ ಹೊಲ ನಮ್ಮ ಮಾವ ಗೌಡರ ಅಪ್ಪನಿಂದ ಕೊಂಡದ್ದು. ರಿಜಿಸ್ಟರ್ ಆಗಲಿಲ್ಲ. ಗೌಡರ ಮಾತಿಗೆ ಕಾಗದ ಕೇಳುವುದು ಆಗ ಮರ್ಯಾದೆಯಲ್ಲ. ಈಚೆಗೆ ಗೌಡರೂ ತೀರಿಕೊಂಡರು. ಅವರ ಮಗ, ಹೊಲ ತನ್ನದೇ ಅಂತ ಚನ್ನಗಿರಿ ತಾಲ್ಲೂಕು ಆಫೀಸಿನಲ್ಲಿ ಅರ್ಜಿ ಹಾಕಿದ.

ತನಿಖೆಗೆ ಬಂದ ಸಾಹೇಬರು ಊರವರನ್ನು ಸೇರಿಸಿ ಕೇಳಿದರು: "ಈ ಹೊಲಕ್ಕೆ ಚರಗ ಯಾರು ಚೆಲ್ತಾರೆ?"

"ಗೌಡ್ರ ಮನೆಯೋರು ಸಾರ್" ಅಂದರು ಎಲ್ಲರೂ.

"ಬಿತ್ತೋರು ಯಾರು ಅಂತ ಕೇಳ್ರಿ ಸಾಹೇಬ್ರೆ" ಅಂದೆ.

"ಕೂಲಿಯೋರೂ ಬಿತ್ತುತಾರೆ ಅಜ್ಜಿ. ಪೂಜೆ ಮಾಡೋನೇ ಯಜಮಾನ."

"ಹಂಗಾದ್ರೆ ಊರ ಗುಡಿ ಪೂಜಾರಿದೇನ್ರಿ?"

ಜನ ನಕ್ಕರು. ಸಾಹೇಬರು ನಗಲಿಲ್ಲ, ಏನೋ ಬರೆದುಕೊಂಡರು. ನನಗೆ ಓದಲು ಬರುವುದು ಬಸ್ಸಿನ ಬೋರ್ಡು ಅಷ್ಟೇ.

ಆಮೇಲೆ ತಾಲ್ಲೂಕು ಆಫೀಸಿಗೆ ಅಲೆದೆ. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಸಾಹೇಬರು ಮೀಟಿಂಗು. ಕೊನೆಗೆ ಗುಮಾಸ್ತ ಆದೇಶ ಓದಿ ಹೇಳಿದ: ಸರ್ಕಾರ ಹೊಲವನ್ನು ಗೌಡರ ಮಗನಿಗೇ ಖಾಯಂ ಮಾಡಿದೆ.

ಊರಿಗೆ ಬಂದರೆ ಎದುರುಮನೆಯವನು, "ನಾವೇನು ಸುಳ್ಳು ಹೇಳಿದ್ವೇನಕ್ಕ?" ಅಂದ.

"ಇಲ್ಲ ಮಾರಾಯ, ನಿಜ ಹೇಳೇ ನನ್ನ ಮುಳುಗಿಸಿದ್ರಿ."

ಸಂಜೆ ಗೌಡರ ಮಗನೇ ಬಾಗಿಲಿಗೆ ಬಂದ. "ಬೇಜಾರಾಗಬೇಡ್ರಿ ಅಜ್ಜಿ. ಹೊಲ ನೀವೇ ಮಾಡಿಕೊಂಡು ಹೋಗ್ರಿ, ಬೆಳೆಯಾಗೆ ಪಾಲು ಕೊಟ್ರೆ ಸಾಕು."

"ನಮ್ಮ ಮಾವ ಕೊಂಡ ಹೊಲಕ್ಕೆ ನಾನು ಪಾಲಿನೋಳೇನೋ? ದಾವಣಗೆರೆಗೆ ಮೇಲರ್ಜಿ ಹಾಕ್ತೀನಿ. ಈಗಿರೋ ಬೆಳೆ ನಾನು ಬಿತ್ತಿದ್ದು, ನಾಳೆ ತೆನೆ ಮುರಿಯಾಕೆ ಹೋಗ್ತೀನಿ. ತಡಿಯಂಗಿದ್ರೆ ಬಾ."

ಬೆಳಗ್ಗೆ ಇಬ್ಬರು ಹೆಣ್ಣಾಳು ಕಟ್ಟಿಕೊಂಡು ಹೋದೆ. ಅವನು ಬರಲಿಲ್ಲ. ಮೆಕ್ಕೆಜೋಳ ಇನ್ನೂ ಹಾಲುಗಾಳು, ಬೇಯಿಸಿ ತಿನ್ನಬಹುದೇ ಹೊರತು ಒಣಗಿಸಿ ಮಾರಲು ಬಾರದು. ಆಳುಗಳು, "ಕಾಳು ಬಲೀಲಿ ಬಿಡಜ್ಜಿ" ಅಂದರು. ಬಲಿಯುವವರೆಗೆ ಕಾದರೆ ಅವನ ಪಾಲಾಗುತ್ತದೆ ಅಂತ ಒಂದು ತೆನೆಯನ್ನೂ ಬಿಡದೆ ಮುರಿಸಿದೆ.