ಖಾರ ಹತ್ತಿದ ಮಣ್ಣು

ನೆಲೋಗಿಯ ನಜಮುನ್ನಿಸಾ ಬೇಗಂ ಅವರ ಅಂಗಳದಲ್ಲಿ ಗುಲಾಬಿ ಗಿಡಗಳಿಗೂ ಪಥ್ಯವಿದೆ. ಎಲೆಗಳು ಹಳದಿಯಾದವೆಂದು ಅವರು ಒಮ್ಮೆ ಮಣ್ಣನ್ನು ಪರೀಕ್ಷೆಗೆ ಕಳಿಸಿದ್ದರು; ಬಂದ ಫಲಿತಾಂಶ ಓದಿದ ಪಕ್ಕದ ಮನೆಯ ಕಸ್ತೂರಿಬಾಯಿ "ಕ್ಷಾರ ಭಾಳ ಅದಂತ್ರಿ" ಎಂದದ್ದು ಇವರ ಕಿವಿಗೆ "ಖಾರ" ಎಂದೇ ಬಿತ್ತು. "ಪಾಪ, ನಾಲಿಗಿ ಸುಟ್ಟಿರಬೇಕು. ಖಾರ ಹತ್ತಿದವ್ರಿಗಿ ಮಜ್ಜಿಗಿ ಕೊಡಬೇಕಲ್ರಿ!" ಎಂದು ಬೇಗಂ ಮರುಗಿದರು. ಅಂದಿನಿಂದ ದಿನವೂ ಮಧ್ಯಾಹ್ನ ಹುಳಿಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹೊಯ್ಯುತ್ತಾರೆ, "ಉರಿ ಇಳೀತೇನ್ಬೇ?" ಎಂದು ಗಿಡವನ್ನು ವಿಚಾರಿಸುತ್ತಾರೆ, ದಾರಿಹೋಕರ ಮನೆಯ ಕರಿಬೇವು ಬಾಡಿದೆಯೆಂದರೂ ಕರೆದು ಕೂರಿಸಿ ಮಜ್ಜಿಗೆಯ ಮದ್ದು ಹೇಳುತ್ತಾರೆ, ಆಕಾಶವೇ ಬಾಡಿದರೂ ಅದಕ್ಕೂ ಒಂದು ಲೋಟ ಹೇಳಿಯಾರು. ಕ್ಷಾರಕ್ಕೆ ಹುಳಿ ಹಿಡಿಸಿತೋ ಏನೋ, ಎಲೆ ಹಸಿರಾಗಿ ಮೊಗ್ಗೂ ಬಂತು. ಕಸ್ತೂರಿಬಾಯಿ ನಗುತ್ತ ಕ್ಷಾರ ಬೇರೆ, ಖಾರ ಬೇರೆ ಎಂದು ತಿಳಿಸಿಹೇಳಿದಾಗ "ಗೊತ್ತಾತ್ರಿ" ಎಂದರು, ಮಜ್ಜಿಗೆ ಮಾತ್ರ ನಿಲ್ಲಿಸಲಿಲ್ಲ. ಎದೆಯುರಿಯಿದ್ದ ಗಂಡನಿಗೆಂದು ಪ್ರತಿ ಮಧ್ಯಾಹ್ನ ಮಜ್ಜಿಗೆ ಕಡೆದ ಕೈ ಅದು. ಗಂಡ ತೀರಿಕೊಂಡ ಮೇಲೂ ಕೈ ಕಡೆಯುವುದನ್ನು ಬಿಡಲಿಲ್ಲ. ಆ ಲೋಟವನ್ನು ಯಾರ ಮುಂದೆ ಹಿಡಿಯಬೇಕೆಂಬುದು ಮಾತ್ರ, ಮಣ್ಣಿಗೆ ಖಾರ ಹತ್ತುವವರೆಗೂ, ತಿಳಿದಿರಲಿಲ್ಲ.