ಅಪ್ಪನ ಲಾರಿಗೆ ಅಮ್ಮನ ಅರಿಶಿನ

ಇಂದು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದಾಗ ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಸುಟ್ಟ ಅರಿಶಿನದ ವಾಸನೆಗೆ ಅಪ್ಪನ ಹಳೆಯ ಮಿಲಿಟರಿ ಲಾರಿ ನೆನಪಾಯಿತು. ಅದರ ರೇಡಿಯೇಟರ್ ಸೋರಿದಾಗಲೆಲ್ಲ ಅಪ್ಪ ಒಳಗೆ ಅರಿಶಿನದ ಪುಡಿ ಸುರಿಯುತ್ತಿದ್ದರು, ತೂತು ಮುಚ್ಚಿಕೊಳ್ಳುತ್ತಿತ್ತು.

“ನನ್ ಸಾರಿಗಿಂತ ನಿಮ್ ವಂಡಿಗೇ ಅರಿಶಿನ ಜಾಸ್ತಿ,” ಎನ್ನುತ್ತಲೇ ಅಮ್ಮ ಡಬ್ಬಿ ಕೊಡುತ್ತಿದ್ದಳು.

“ಅದೂ ಮದುಮಗಳೇ ಕಣೇ!” ಎಂದು ಅಪ್ಪ ನಗುತ್ತಿದ್ದರು.

ಕಾಳುಮೆಣಸು ಕೊಯ್ಯುವಾಗ ಅಮ್ಮನಿಗೆ ಹಾವು ಕಚ್ಚಿದ ದಿನ, ಮಾನಂದವಾಡಿ ಆಸ್ಪತ್ರೆಗೆ ಅದೇ ಲಾರಿಯಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಎಂಜಿನ್ ಕುದಿದು ನಿಂತಿತು. ಅಪ್ಪ ರಸ್ತೆ ಪಕ್ಕ ಹರಿಯುತ್ತಿದ್ದ ತೋಡಿನಿಂದ ನೀರು ತಂದು ತಂದು ಹೊಯ್ದರು.

“ತಣೀಲಿ ಬಿಡಿ, ಅಷ್ಟೊತ್ತು ಕೂತಿರ್ತೀನಿ,” ಎಂದಳು ಅಮ್ಮ.

ಆಸ್ಪತ್ರೆ ತಲುಪುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಆಮೇಲೆ ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿದಾಗ, ಅದರ ಸಣ್ಣ ಕೊಳವೆಗಳ ತುಂಬ ಹಳದಿ ಕೆಸರು ಕಟ್ಟಿಕೊಂಡು ನೀರು ಹರಿಯದಂತಾಗಿತ್ತು.

ಒಲೆ ಒರೆಸಿ ತಿರುಗಿ ನೋಡಿದೆ. ಅಪ್ಪ ಊಟ ಬಿಟ್ಟೆದ್ದು ಅಂಗಳದಲ್ಲಿ ನಿಂತಿದ್ದರು.