ನಾದಿನಿಯ ಹಡಗು

ನನ್ನ ನಾದಿನಿ ಬಟ್ಟೆ ಹೊಲಿಯುವವಳು; ಬಿಡುವಾದಾಗ ಹಡಗು ನಡೆಸುತ್ತಾಳೆ. ಹಾಗೆಂದರೆ ನಮ್ಮ ಬೀದಿಯಲ್ಲಿ ಯಾರೂ ನಗುವುದಿಲ್ಲ. ನಕ್ಕವರ ಅಂಗಿ ಮುಂದಿನ ಸಲ ಕಂಕುಳಲ್ಲಿ ಕಚ್ಚೀತೆಂಬ ಭಯ ಎಲ್ಲರಿಗೂ ಇದೆ.

ವಯಸ್ಸು ಐವತ್ತು ದಾಟಿದೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ಅಳತೆಗೆ ಸರಿಯಾದದ್ದು ಸಿಗಲಿಲ್ಲ ಎನ್ನುತ್ತಾಳೆ. ಕೆಳಗೆ ಅಂಗಡಿ, ಮೇಲೆ ಒಂದೇ ಕೋಣೆಯ ಮನೆ. ಆ ಮನೆಯಲ್ಲಿ ಯಾವ ವಸ್ತುವನ್ನೂ ಬರಿಮೈಯಲ್ಲಿ ನಿಲ್ಲಿಸಿದವಳಲ್ಲ. ರೇಡಿಯೊಗೆ ಅಂಗಿ, ಇಸ್ತ್ರಿಪೆಟ್ಟಿಗೆಗೆ ಟೋಪಿ, ಕುರ್ಚಿಯ ಕಾಲಿಗೆ ಕಾಲುಚೀಲ.

ಕಸೂತಿಯ ವಿನ್ಯಾಸ ಬಿಡಿಸಲೆಂದು ಅವಳು ಒಂದು ಕಂಪ್ಯೂಟರ್ ಕೊಂಡಳು. ಅದರೊಳಗೆ ಹಡಗಿನ ಆಟ ಹೇಗೆ ಹೊಕ್ಕಿತೋ, ಅಂತೂ ಹೊಕ್ಕಿತು. ನಾಲ್ವರು ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಹಡಗನ್ನು ನಡೆಸುವ ಆಟ. ಒಬ್ಬ ಬಸ್ ಡ್ರೈವರ್, ಇಬ್ಬರು ನರ್ಸುಗಳು, ಮತ್ತೆ ಇವಳು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಕಿವಿಗೆ ಸಿಕ್ಕಿಸಿದ ಮೈಕಿನಲ್ಲಿ ಮಾತು ಮಾತ್ರ. ಚುಕ್ಕಾಣಿ ಇವಳದು. ರೇಷ್ಮೆಯ ಮೇಲೆ ಕತ್ತರಿ ಓಡಿಸಿದ ಕೈ ಅದು. ಬಂಡೆಗಳ ನಡುವೆ ನೂಲೆಳೆಯಷ್ಟು ಸಂದಿಯಿದ್ದರೂ ಹಡಗನ್ನು ದಾಟಿಸುತ್ತದೆ.

ಹೀಗೆ ಅವರು ದೊಡ್ಡ ಪಂದ್ಯವೊಂದರ ಕೊನೆಯ ಸುತ್ತಿಗೆ ಬಂದರು. ಆಗಲೇ ಶನಿ ಹಿಡಿಯಿತು. ಕಸೂತಿ ಬಿಡಿಸುವಾಗ ದಿನವಿಡೀ ಹಸುವಿನಂತಿರುವ ಕಂಪ್ಯೂಟರ್ ಪೆಟ್ಟಿಗೆ, ಆಟದಲ್ಲಿ ಬಿರುಗಾಳಿಯೆದ್ದು ಅಲೆ ಏರತೊಡಗಿದರೆ ಸಾಕು, ಬುಸುಗುಟ್ಟಿ ಆರಿಹೋಗುತ್ತಿತ್ತು. ಪರದೆ ಕಪ್ಪು, ಹಡಗು ಬಂಡೆಗೆ. ಎರಡು ಅಭ್ಯಾಸದಾಟ ಹೀಗೆ ಮುಳುಗಿದ ಮೇಲೆ ಬಸ್ ಡ್ರೈವರ್ ಮೆತ್ತಗೆ ಹೇಳಿದನಂತೆ: ಇನ್ನೊಮ್ಮೆ ಹೀಗಾದರೆ ಭಾನುವಾರದ ಪಂದ್ಯದಲ್ಲಿ ಚುಕ್ಕಾಣಿ ನಾನು ಹಿಡಿಯುತ್ತೇನೆ, ಅಕ್ಕ ಹಗ್ಗ ಎಳೆಯಲಿ.

ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡು ನನ್ನ ರಿಪೇರಿ ಅಂಗಡಿಗೆ ಬಂದಳು.

"ಬಸ್ ಓಡಿಸೋನು ಹಡಗು ಓಡಿಸ್ತಾನಂತೆ ಭಾವ. ಸ್ಟಾಪ್ ಸ್ಟಾಪಿಗೂ ನಿಲ್ಲಿಸ್ತಾನೆ ಅಷ್ಟೇ."

ನಗುತ್ತಲೇ ಹೇಳಿದಳು. ಆದರೆ ಹೆಬ್ಬೆರಳು ತೋರುಬೆರಳಿನ ಸೂಜಿಗಾಯಗಳನ್ನು ಉಜ್ಜುತ್ತಿತ್ತು. ಅವಳಿಗೆ ಅಳು ಬರುವುದು ಕಣ್ಣಿನಲ್ಲಲ್ಲ, ಆ ಬೆರಳಿನಲ್ಲಿ.

ನಾನು ಶಾಲೆಯ ಮೆಟ್ಟಿಲು ಸವೆಸಿದವನಲ್ಲ. ಮೋಟಾರಿಗೆ ತಂತಿ ಸುತ್ತುವುದನ್ನು ಸುಟ್ಟ ಮೋಟಾರುಗಳಿಂದಲೇ ಕಲಿತೆ, ಕಂಪ್ಯೂಟರನ್ನು ಬಿಚ್ಚಿ ಬಿಚ್ಚಿ ಕಲಿತೆ. ಯಾವ ಯಂತ್ರ ಕೆಟ್ಟರೂ ಮೊದಲು ಕಸ ನೋಡು, ಆಮೇಲೆ ಕಾವು, ಆಮೇಲೆ ಕರೆಂಟು ಎಂಬುದು ನನ್ನ ಪದ್ಧತಿ. ಫ್ಯಾನಿನಲ್ಲಿ ಬೆಕ್ಕಿನಮರಿಯಷ್ಟು ನೂಲಿನ ಧೂಳಿತ್ತು, ತೆಗೆದೆ. ಪ್ರೊಸೆಸರಿನ ಮೇಲೆ ಒಣಗಿ ಹೆಕ್ಕಳೆಗಟ್ಟಿದ್ದ, ಕಾವು ಹೀರುವ ಪೇಸ್ಟು ಕೆರೆದು ಹೊಸದು ಬಳಿದೆ. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಸಿಕ್ಕಿಸಿ ನೋಡಿದೆ. ಕರೆಂಟು ಹಂಚುವ ಡಬ್ಬಿಯನ್ನೇ ಬದಲಿಸಿದೆ. ಆಮೇಲೆ ನಾನೇ ಕೂತು ಮಧ್ಯಾಹ್ನವೆಲ್ಲ ಬಿರುಗಾಳಿಯಲ್ಲಿ ಹಡಗು ನಡೆಸಿದೆ. ಸಮುದ್ರದ ಒಂದು ಬಂಡೆಯನ್ನೂ ನಾನು ತಪ್ಪಿಸಲಿಲ್ಲ. ಪೆಟ್ಟಿಗೆ ಮಾತ್ರ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ.

ಮನೆಗೆ ಒಯ್ದಳು. ಸಂಜೆಯೇ ಆರಿಹೋಯಿತು.

"ನಿಮ್ಮ ಅಂಗಡೀಲಿ ಸಾಧು, ನನ್ನ ಮನೇಲಿ ಹೋರಿ," ಎಂದಳು ಫೋನಿನಲ್ಲಿ.

ಹಾಗಾದರೆ ದೋಷ ಮನೆಯ ಕರೆಂಟಿನಲ್ಲಿರಬೇಕು ಎಂದುಕೊಂಡೆ. ಪೆಟ್ಟಿಗೆಯನ್ನು ಮತ್ತೆ ನನ್ನ ಅಂಗಡಿಗೆ ತರಿಸಿಟ್ಟುಕೊಂಡು, ಅವಳ ಮನೆಗೆ ಹೋಗಿ ಸಾಕೆಟ್ಟು ಬದಲಿಸಿದೆ, ಇಸ್ತ್ರಿಪೆಟ್ಟಿಗೆಗೆ ಬೇರೆ ಲೈನು ಎಳೆದೆ. ಪೆಟ್ಟಿಗೆ ವಾಪಸು ಹೋಯಿತು, ಮತ್ತೆ ಆರಿತು. ಅಷ್ಟರಲ್ಲಿ ಶನಿವಾರ. ಊರಿಗೆಲ್ಲ ವೈದ್ಯ, ತಂಗಿಯ ಮನೆಗೆ ಮಾತ್ರ ಕೈಗುಣವಿಲ್ಲ ಎಂದು ನನ್ನ ಹೆಂಡತಿ ಗೋಡೆಗೆ ಹೇಳುವಂತೆ ಹೇಳಿದಳು. ಮೀಸೆ ಇಳಿಯಿತು. ಇನ್ನು ರೋಗಿಯನ್ನು ಕರೆಸುವುದು ಬೇಡ, ನಾನೇ ಹೋಗಿ ರೋಗಿಯ ಪಕ್ಕ ಕೂರುತ್ತೇನೆ ಎಂದು ಹೊರಟೆ.

ಮೆಟ್ಟಿಲು ಹತ್ತಿ ನೋಡುತ್ತೇನೆ: ಪೆಟ್ಟಿಗೆ ಮೈತುಂಬ ಅಂಗಿ ತೊಟ್ಟು ನಿಂತಿದೆ. ನೀಲಿಯ ದಪ್ಪ ಬಟ್ಟೆ, ಒಳಗೆ ಹತ್ತಿಯ ಪದರ, ಬಿಳಿಯ ಅಂಚು, ಎದೆಯ ಮೇಲೆ ಲಂಗರಿನ ಕಸೂತಿ. ಸ್ವಿಚ್ಚಿಗೊಂದು ಕಾಜಾ, ಹಿಂದೆ ವೈರುಗಳಿಗೆ ಇನ್ನೊಂದು.

"ಇದನ್ನ ಯಾವಾಗ ಹೊಲಿದೆ?"

"ಕೊನೇ ಸುತ್ತಿಗೆ ಬಂದ್ವಲ್ಲ, ಆವತ್ತೇ. ನಮ್ಮ ಹಡಗಿನ ಬಾವುಟದ ಬಣ್ಣ."

"ಆಡೋವಾಗಲೂ ಬಿಚ್ಚಲ್ವಾ?"

"ಕಾಜಾ ಇದೆಯಲ್ಲ, ಯಾಕೆ ಬಿಚ್ಚಬೇಕು?"

"ಮತ್ತೆ ನನ್ನ ಹತ್ರ ತರೋವಾಗ?"

"ಡಾಕ್ಟರ ಹತ್ರ ಹೋದ್ರೆ ಅಂಗಿ ಬಿಚ್ಚಲ್ವಾ ಭಾವ?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಆಟ ಹಚ್ಚಲು ಹೇಳಿದೆ. ಬಿರುಗಾಳಿ ಏಳುತ್ತಿದ್ದಂತೆ ಅವಳ ಅಂಗೈಯನ್ನು ಹಿಡಿದು ಪೆಟ್ಟಿಗೆಯ ಅಂಗಿಯೊಳಗೆ ತೂರಿಸಿದೆ. ಒಲೆ ಮುಟ್ಟಿದವಳಂತೆ ಎಳೆದುಕೊಂಡಳು. ಅಲೆ ಎದ್ದಷ್ಟೂ ಪೆಟ್ಟಿಗೆಗೆ ದುಡಿಮೆ ಹೆಚ್ಚು. ಬಿಸಿಯುಸಿರು ಬಿಡಲು ಅದಕ್ಕೆ ನೆತ್ತಿಯಲ್ಲೂ ಬೆನ್ನಿನಲ್ಲೂ ಜಾಲರಿಯಿದೆ. ಜಾಲರಿಗೆ ಹತ್ತಿ ಮುಚ್ಚಿದರೆ ಸುಟ್ಟುಹೋಗುವ ಮೊದಲೇ ತಾನಾಗಿ ಆರಿಕೊಳ್ಳುತ್ತದೆ, ಅದಕ್ಕೆ ಅಷ್ಟು ಬುದ್ಧಿಯಿದೆ ಎಂದು ವಿವರಿಸಿದೆ.

"ನಮಗಿಲ್ಲ ಅಂತೀರಾ?" ಎಂದಳು.

ಮೂಗಿಗಿಂತ ಮೂಗುತಿ ಭಾರವಾಗಬಾರದು, ನಾಳೆ ಅಂಗಿ ಬಿಚ್ಚಿಟ್ಟು ಆಡು ಎಂದೆ. ಹೆಬ್ಬೆರಳು ಮತ್ತೆ ತೋರುಬೆರಳನ್ನು ಉಜ್ಜತೊಡಗಿತು.

"ಬಾವುಟ ಇಳಿಸಿ ಹಡಗು ನಡೆಸೋದಾ ಭಾವ?"

ಅವಳೇ ಎದ್ದು ಸೀಮೆಸುಣ್ಣ ಕೊಟ್ಟು, ಜಾಲರಿ ಎಲ್ಲೆಲ್ಲಿದೆಯೋ ಗುರುತು ಹಾಕಿ ಎಂದಳು. ಹಾಕಿದೆ. ಮೋಟಾರು ಸುತ್ತುವ ಕೈ ಎಳೆದ ಗೆರೆಯೂ ಸುತ್ತುತ್ತದೆ ಎಂದು ಅಳಿಸಿ ತಾನೇ ನೇರ ಎಳೆದಳು. ಮುಗಿದ ಬಟ್ಟೆಗೆ ಕತ್ತರಿ ಹಾಕಲು ಒಂದು ಗಳಿಗೆ ತಡೆದಳು. ಹಾಕಿದ ಮೇಲೆ ನಿಲ್ಲಲಿಲ್ಲ. ಹತ್ತಿಯನ್ನೆಲ್ಲ ಕಿತ್ತು, ನೆತ್ತಿ, ಬೆನ್ನು, ಪಕ್ಕೆ ಬಿಡಿಸಿ ಅಂಚು ಮಡಿಸಿದಳು. ಅಂಗಿ ಹೋಗಿ ಬನಿಯನ್ ಆಯಿತು. ಲಂಗರು ಮಾತ್ರ ಎದೆಯ ಮೇಲೆ ಉಳಿಯಿತು.

ಭಾನುವಾರ ಪಂದ್ಯದ ಹೊತ್ತಿಗೆ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಬಿರುಗಾಳಿ ಎದ್ದಿತು. ಫ್ಯಾನು ಬುಸುಗುಟ್ಟಿತು. ನಾನು ಜಾಲರಿಯ ಮೇಲೆ ಅಂಗೈ ಹಿಡಿದೆ. ಬಿಸಿಗಾಳಿ ಧಾರಾಳವಾಗಿ ಹೊರಗೆ ಬರುತ್ತಿತ್ತು. ಆ ಕಡೆಯಿಂದ ಬಸ್ ಡ್ರೈವರ್ ಏನೋ ಕೇಳಿರಬೇಕು. ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು:

"ನೀನು ಹಗ್ಗ ಎಳಿ ಮಗನೇ."

ಗೆದ್ದರೆಂದು ಸುಳ್ಳು ಹೇಳಲಾರೆ, ಎರಡನೆಯವರಾದರು. ಆದರೆ ಹಡಗು ಬಂದರು ಮುಟ್ಟುವವರೆಗೂ ಚುಕ್ಕಾಣಿ ಅವಳ ಕೈಯಲ್ಲೇ ಇತ್ತು, ಹೆಬ್ಬೆರಳು ಒಮ್ಮೆಯೂ ತೋರುಬೆರಳಿನ ತಂಟೆಗೆ ಹೋಗಲಿಲ್ಲ. ಮೈಕು ಬಿಚ್ಚಿಟ್ಟು ನನ್ನತ್ತ ತಿರುಗಿದಳು.

"ಭಾವ, ಬಸ್ ಡ್ರೈವರ್ ತನ್ನ ಪೆಟ್ಟಿಗೆಗೂ ಒಂದು ಬನಿಯನ್ ಬೇಕು ಅಂತಿದಾನೆ. ಅಳತೆ ಕಳಿಸ್ತಾನಂತೆ."

"ಜಾಲರಿ ಎಲ್ಲಿದೆ ಅಂತ ಮೊದಲು ಕೇಳು," ಎಂದೆ.